ಎಮರ್ಜೆನ್ಸಿಯಲ್ಲಿ ಪಾಳಿ ಹೇಗೆ ಬರುತ್ತದೆ

ಬಬಲೇಶ್ವರದ ಕಡೆ ನಮ್ಮ ಓಣಿಯಲ್ಲಿ ರಾತ್ರಿ ಯಾರಿಗಾದರೂ ಆರಾಮ ತಪ್ಪಿದರೆ ಫೋನ್ ಬರುವುದು ನನಗೇ. ಕಾರಿದೆ, ವಿಜಯಪುರದ ದೊಡ್ಡ ಆಸ್ಪತ್ರೆಗಳ ದಾರಿ ಗೊತ್ತಿದೆ ಅಂತ. ಹೀಗೆ ಓಡಾಡಿ ಓಡಾಡಿ, ಅಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಅನ್ನುವ ಅಂದಾಜು ಸಿಕ್ಕಿದೆ.

"ನಾವು ಮೊದಲ ಬಂದೀವ್ರಿ, ಅವರನ್ಯಾಕ ಒಳಗ ಕರದ್ರಿ?" ಈ ಜಗಳ ಅಲ್ಲಿ ತಪ್ಪಿದ್ದಲ್ಲ. ಆದರೆ ಎಮರ್ಜೆನ್ಸಿಯ ಪಾಳಿ ರೇಷನ್ ಅಂಗಡಿಯ ಪಾಳಿಯಲ್ಲ. ನಾಡಿ, ಬಿಪಿ, ಉಸಿರಾಟ, ಆಕ್ಸಿಜನ್ ನೋಡಿ ರೋಗಿಯನ್ನು ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತಾರೆ. ಕೆಂಪಾದರೆ ತಕ್ಷಣ ಒಳಗೆ. ಕಾಲು ಉಳುಕಿದವರು, ಎರಡು ದಿನದ ಜ್ವರದವರು ಹಸಿರು. ಅವರು ಗಂಟೆಗಟ್ಟಲೆ ಕೂರಬೇಕು. ಸುಮ್ನೆ ಕೂರಿಸಿದ್ದಾರೆ ಅಂದರೆ ಒಂದು ಲೆಕ್ಕದಲ್ಲಿ ಒಳ್ಳೆ ಸುದ್ದಿಯೇ ಅಲ್ವಾ? ಕೂತಾಗ ಬೆವರು, ಏದುಸಿರು, ಮಂಪರು ಶುರುವಾದರೆ ಮಾತ್ರ ಮತ್ತೆ ಹೋಗಿ ನರ್ಸ್‌ಗೆ ಹೇಳುತ್ತೇನೆ. ಬಣ್ಣ ಬದಲಾಗಬಹುದು.

ನಮ್ಮ ಕಡೆ ಗಂಡಸರದ್ದೊಂದು ಚಾಳಿ ಇದೆ. ಎದೆ ಹಿಡಿದುಕೊಂಡೇ "ಏನಿಲ್ರಿ, ಗ್ಯಾಸ್ ಆಗೇತಿ" ಅಂತಾರೆ. ನಾನು ಅವರನ್ನು ಮಾತಾಡಲು ಬಿಡುವುದೇ ಇಲ್ಲ. "ಎದೆನೋವು, ಇಂಥ ಹೊತ್ತಿಗೆ ಶುರುವಾಯ್ತು" ಅಂತ ನಾನೇ ಹೇಳುತ್ತೇನೆ. ಎದೆನೋವಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ವೈದ್ಯರ ನಿಯಮ. ಆಗದಿದ್ದರೆ ಕೇಳಿ, ಸಂಕೋಚ ಬೇಡ. ಇಸಿಜಿ ಸರಿ ಇದ್ದರೂ ಮನೆಗೆ ಕಳಿಸುವುದಿಲ್ಲ. ಟ್ರೊಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. ಹೃದಯಕ್ಕೆ ಪೆಟ್ಟಾಗಿದ್ದರೂ ಶುರುವಿನಲ್ಲಿ ಅದು ರಕ್ತದಲ್ಲಿ ಕಾಣದೇ ಇರಬಹುದು. ಅದಕ್ಕೇ ಕೆಲವು ತಾಸು ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಅರ್ಧ ರಾತ್ರಿ ಹೋಗುವುದು ಇಲ್ಲೇ.

ಹಾವಿನ ಕೇಸಿನಲ್ಲಿ ಜನ ಜಾಸ್ತಿ ಸಿಟ್ಟಾಗುತ್ತಾರೆ. ತೊಗರಿ ಹೊಲದಿಂದ ಹೊತ್ತು ತಂದಿರುತ್ತಾರೆ, ಇಲ್ಲಿ ನೋಡಿದರೆ ಇಂಜೆಕ್ಷನ್ನೇ ಕೊಡುತ್ತಿಲ್ಲ! ಅಲ್ಲಿ ನಡೆಯುವುದೇ ಬೇರೆ. ಒಣ ಗಾಜಿನ ನಳಿಗೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನಂಥದ್ದರ ವಿಷ ಏರಿದೆ ಅಂತ ಲೆಕ್ಕ, ಔಷಧ ಶುರು. ಹೆಪ್ಪುಗಟ್ಟಿದರೂ ಮುಗಿಯಲಿಲ್ಲ. ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಹೊಡೆಯುತ್ತದೆ. ರೆಪ್ಪೆ ಜೋತುಬೀಳುತ್ತದೆಯೇ, ಉಸಿರು ಕಷ್ಟವಾಗುತ್ತದೆಯೇ ನೋಡುತ್ತಲೇ ಇರಬೇಕು. ವಿಷದ ಗುರುತು ಏನೂ ಇಲ್ಲದಿದ್ದರೂ 24 ಗಂಟೆ ಇಟ್ಟುಕೊಳ್ಳುತ್ತಾರೆ. ವಿಷ ಏರದವರಿಗೆ ಆ ಔಷಧ ಕೊಡುವುದಿಲ್ಲ, ಅದರಿಂದಲೇ ಜೋರು ಅಲರ್ಜಿ ಆಗಬಹುದು. ಪೊಲೀಸ್ ಕೇಸಿನ ಕಾಗದ ಕೇಳಿದರೂ ಗಾಬರಿ ಬೇಡ. ಅದರ ಸಲುವಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

"ಇನ್ನೂ ಎಷ್ಟು ಹೊತ್ತು?" ಅಂತ ನಾನು ಕೇಳುವುದಿಲ್ಲ, ಅದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. "ಈಗ ಯಾವುದಕ್ಕೆ ಕಾಯುತ್ತಿದ್ದೇವೆ? ರಿಪೋರ್ಟಿಗಾ, ದೊಡ್ಡ ಡಾಕ್ಟರಿಗಾ, ಬೆಡ್ಡಿಗಾ?" ಅಂತ ಕೇಳುತ್ತೇನೆ. ರಿಪೋರ್ಟಾದರೆ ತಾಸೆರಡು ತಾಸು, ಊಟ ಮಾಡಿ ಬರಬಹುದು. ಬೆಡ್ಡಾದರೆ ಬೆಳಗಿನ ತನಕ ಅಂತ ಮನೆಗೆ ಫೋನ್ ಮಾಡಿಬಿಡುತ್ತೇನೆ. ರೋಗಿಯ ಜೊತೆ ಒಬ್ಬರೇ ಇರಬೇಕು. ಹತ್ತು ಜನ ಒಳಗೆ ನುಗ್ಗಿದರೆ ಡಾಕ್ಟರ್ ಯಾರ ಜೊತೆ ಮಾತಾಡಬೇಕು?

ಇನ್ನು ಕಾಗದ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಕೇಳುತ್ತಾರೆ, ಅವು ಟ್ರಂಕಿನಲ್ಲಿ ಭದ್ರವಾಗಿರುತ್ತವೆ, ಕೀಲಿ ಸೊಸೆಯ ಹತ್ತಿರ! ಅದಕ್ಕೆ ಓಣಿಯ ಹಿರಿಯರನ್ನು ಕೇಳಿ ಅವರ ಕಾರ್ಡುಗಳ, ದಿನಾ ನುಂಗುವ ಗುಳಿಗೆಗಳ ಫೋಟೋ ನನ್ನ ಫೋನಿನಲ್ಲೇ ಇಟ್ಟುಕೊಂಡಿದ್ದೇನೆ.