65 ಪರ್ಸೆಂಟ್ ತೆಗೆದ ಮಕ್ಕಳಿಗೆ ಸೀಟು ಸಿಕ್ಕ ಲೆಕ್ಕ: ನನ್ನ ಅನುಭವ

ವಿಜಯಪುರದಲ್ಲಿ ದೊಡ್ಡ ಖಾಸಗಿ ಪಿಯು ಕಾಲೇಜುಗಳಿಗೆ ಬರವಿಲ್ಲ. ರಿಸಲ್ಟ್ ಬಂದ ಮರುದಿನ ಊರ ತುಂಬ ಫ್ಲೆಕ್ಸ್ ಏಳುತ್ತವೆ. ಎಲ್ಲದರ ಮೇಲೂ 97, 98 ಪರ್ಸೆಂಟಿನ ಮಕ್ಕಳ ಫೋಟೋ. ಅದೇ ಕಾಲೇಜಿಗೆ ಅಷ್ಟೇ ಫೀ ಕಟ್ಟಿ, ಅದೇ ಬೆಂಚಿನಲ್ಲಿ ಕೂತು 62, 65, 71 ತೆಗೆದವರು ನೂರಾರು ಮಂದಿ ಇರುತ್ತಾರೆ. ಅವರ ಸುದ್ದಿ ಯಾರೂ ಎತ್ತುವುದಿಲ್ಲ. ನನ್ನ ಕೆಲಸ ಪೂರ್ತಿ ಆ ಮಕ್ಕಳ ಜೊತೆ.

ಅಂಥದೇ ಒಂದು ಕಾಲೇಜಿನಲ್ಲಿ ಹತ್ತು ಹನ್ನೆರಡು ವರ್ಷ ಕೆಮಿಸ್ಟ್ರಿ ಕಲಿಸಿದೆ. ಬಿಟ್ಟ ಮೇಲೆ ಮನೆಯ ಮೇಲಿನ ಹಾಲ್‌ನಲ್ಲಿ ಸಣ್ಣ ಬ್ಯಾಚ್ ಶುರು ಮಾಡಿದೆ. ಸೇರುವುದಕ್ಕೆ ಒಂದೇ ಷರತ್ತು. ಫಸ್ಟ್ ಪಿಯುದಲ್ಲಿ 55ರಿಂದ 75ರ ನಡುವೆ ಇರಬೇಕು. ಜೊತೆಗಿದ್ದ ಲೆಕ್ಚರರ್‌ಗಳು "ಸರ್, ಟಾಪರ್ ಹಿಡೀರಿ, ಹೆಸರು ಬರ್ತದ. ಇವರ ಹಿಂದ ಬಿದ್ದು ಏನ್ ಮಾಡ್ತೀರಿ?" ಅಂದರು. ಮೊದಲ ಎರಡು ಮೂರು ವರ್ಷ ಅವರ ಮಾತೇ ನಿಜವಾಯಿತು. ಈ ಸಲ ಸುಮಾರು 35 ಮಕ್ಕಳಿದ್ದರು. 27, 28 ಮಂದಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆ ಮೂಲಕವೇ, ಅವರು ಬಯಸಿದ ಕೋರ್ಸಿನಲ್ಲೇ ಸೀಟು ಸಿಕ್ಕಿದೆ. ಡೊನೇಷನ್ ಅಂತ ಒಂದು ರೂಪಾಯಿ ಹೋಗಿಲ್ಲ. ಹಾಗೆ ಅಂದವರಲ್ಲೇ ಒಬ್ಬರು ಈಗ ತಮ್ಮ ಅಣ್ಣನ ಮಗಳನ್ನು ನನ್ನ ಹತ್ತಿರ ಕಳಿಸಿದ್ದಾರೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ನಮ್ಮ ಭಾಗದ ಮನೆಗಳ ದುಡ್ಡು ಜಾಸ್ತಿ ಹೋಗುವುದು ಅಲ್ಲೇ.

ಎಲ್ಲರೂ ಮೊದಲು ಹಿಡಿಯುವುದು ಸೆಕೆಂಡ್ ಪಿಯು ಬೋರ್ಡ್ ಪರೀಕ್ಷೆಯ ಅಂಕ ಏರಿಸುವ ದಾರಿ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ಕಾಲೇಜಿನ ಮುಂಚೆ ಎರಡು ತಾಸು, ಬಂದ ಮೇಲೆ ಎರಡು ತಾಸು. ವರ್ಷ ಪೂರ್ತಿ ಹೀಗೆ ಮಾಡಿದರೂ ಮೂರು ನಾಲ್ಕು ಪರ್ಸೆಂಟ್ ಏರಿತು, ಅಷ್ಟೇ. ಪ್ರಾಕ್ಟಿಕಲ್‌ನ 30ರಲ್ಲಿ ಹೇಗೂ ಪೂರ್ತಿ ಹತ್ತಿರ ಬಂದಿರುತ್ತದೆ. ಏರಬೇಕಾಗಿದ್ದು 70ರ ಥಿಯರಿ. ಅದು ಅಷ್ಟು ಸುಲಭಕ್ಕೆ ಏರುವುದಿಲ್ಲ.

ಎರಡನೇದು ನೀಟ್ ಲಾಂಗ್ ಟರ್ಮ್, ಅಂದರೆ ಮೆಡಿಕಲ್ ಪ್ರವೇಶ ಪರೀಕ್ಷೆಯನ್ನು ತಿರುಗಿ ಬರೆಯಲು ಒಂದು ವರ್ಷದ ಕೋಚಿಂಗ್. ಹಾಸ್ಟೆಲ್ ಸೇರಿ ಒಂದೂವರೆ ಲಕ್ಷದ ಮೇಲೆಯೇ ಖರ್ಚು. ಸಿಂದಗಿ ಕಡೆಯ ಒಬ್ಬ ರೈತರು ಇದಕ್ಕಾಗಿ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಹಾಕಿದರು. ಹುಡುಗ 720ಕ್ಕೆ 260 ಇದ್ದವನು ವರ್ಷ ಕಳೆದು 330ಕ್ಕೆ ಬಂದ. ಕಷ್ಟಪಟ್ಟೇ ಓದಿದ್ದ. ಆದರೂ ಸರ್ಕಾರಿ ಮೆಡಿಕಲ್ ಸೀಟು ಅವನಿಗೆ ಬಹಳ ದೂರವೇ ಉಳಿಯಿತು. ಇಂಥ ನಾಲ್ಕೈದು ಮನೆ ನೋಡಿದ ಮೇಲೆ, 300ರ ಕೆಳಗಿನ ಮಕ್ಕಳಿಗೆ ರಿಪೀಟ್ ಬೇಡ ಎಂದು ಎದುರಿಗೇ ಹೇಳುತ್ತೇನೆ. ಕೆಲವರು ಸಿಟ್ಟಾಗಿ ಎದ್ದು ಹೋಗಿದ್ದಾರೆ. ಹೋಗಲಿ.

ಮೂರನೇದು ಏಜೆಂಟರು. "ಮ್ಯಾನೇಜ್ಮೆಂಟ್ ಸೀಟು ಹಿಡಿದಿಡ್ತೀನ್ರಿ, ಸದ್ಯ 50 ಸಾವಿರ ಕೊಡ್ರಿ" ಅನ್ನುತ್ತಾರೆ. ಆಮೇಲೆ ಅದೇ ಬ್ರಾಂಚು ಎರಡನೇ ರೌಂಡಿನಲ್ಲಿ ಕೆಇಎ ಕಡೆಯಿಂದಲೇ ಸಿಕ್ಕಿರುತ್ತದೆ. ಕೊಟ್ಟ 50 ಸಾವಿರ ತಿರುಗಿ ಬಂದಿದ್ದನ್ನು ನಾನು ಕಂಡಿಲ್ಲ.

ಈಗ ನನ್ನ ಲೆಕ್ಕ. ರ್‍ಯಾಂಕಿಗೆ ಬೋರ್ಡ್ ಅರ್ಧ, ಕೆಇಎಯ ಪ್ರವೇಶ ಪರೀಕ್ಷೆ ಸಿಇಟಿ ಅರ್ಧ ಎಂದು ನಿಮಗೆಲ್ಲ ಗೊತ್ತು. ಆದರೆ ಒಂದೊಂದು ಅಂಕದ ಬೆಲೆ ಎಷ್ಟು ಎಂದು ಕೂತು ನೋಡಿದವರು ಕಡಿಮೆ. ಇಂಜಿನಿಯರಿಂಗ್‌ಗೆ ಬೋರ್ಡಿನ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) 300 ಅಂಕ ಸೇರಿ 50 ಪಾಯಿಂಟು. ಸಿಇಟಿಯ 180 ಅಂಕ ಸೇರಿಯೂ 50 ಪಾಯಿಂಟು. ಬೋರ್ಡಿನ ಒಂದು ಅಂಕ 0.17 ಆದರೆ ಸಿಇಟಿಯ ಒಂದು ಅಂಕ 0.28. ಸಿಇಟಿಯಲ್ಲಿ 30 ಅಂಕ ಏರಿದರೆ ಬೋರ್ಡಿನಲ್ಲಿ 50 ಅಂಕ ಏರಿದ ಹಾಗೆ. 65 ಪರ್ಸೆಂಟಿನ ಹುಡುಗ ಬೋರ್ಡಿನಲ್ಲಿ 50 ಅಂಕ ಏರಿಸುವುದು ಆಗದ ಮಾತು. ಸಿಇಟಿಯಲ್ಲಿ 60 ಇದ್ದವನು 90ಕ್ಕೆ ಬರುವುದು ಆಗುತ್ತದೆ. ನನ್ನ ಬ್ಯಾಚಿನಲ್ಲಿ ಪ್ರತಿ ವರ್ಷ ಆಗುತ್ತಿದೆ.

ಹೇಗೆ ಅಂದರೆ, ಸಿಲೆಬಸ್ ಪೂರ್ತಿ ಮುಗಿಸುವ ಆಸೆ ಬಿಡಿಸುತ್ತೇನೆ. ಗಣಿತದಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನಂಟ್, ವೆಕ್ಟರ್, ತ್ರೀಡಿ, ಪ್ರಾಬಬಿಲಿಟಿ, ಲೀನಿಯರ್ ಪ್ರೋಗ್ರಾಮಿಂಗ್. ಇವಿಷ್ಟು ಗಟ್ಟಿ ಮಾಡಿದರೆ ಮಧ್ಯಮ ಮಗು ನಿಲ್ಲುತ್ತದೆ. ಇಂಟಿಗ್ರೇಷನ್‌ಗೆ ತಿಂಗಳುಗಟ್ಟಲೆ ತಲೆ ಒಡೆದುಕೊಳ್ಳುವುದು ಬೇಡ. ಫಿಸಿಕ್ಸಿನಲ್ಲಿ ಸೆಮಿಕಂಡಕ್ಟರ್, ಆಟಂ, ನ್ಯೂಕ್ಲಿಯಸ್. ಫಸ್ಟ್ ಪಿಯು ಪಾಠವನ್ನು ಕಾಲೇಜುಗಳಲ್ಲಿ ಮರೆತೇಬಿಡುತ್ತಾರೆ, ಸಿಇಟಿಯಲ್ಲಿ ಅದೂ ಬರುತ್ತದೆ ಅಲ್ವಾ? ಅದಕ್ಕೆ ಭಾನುವಾರ ಇಟ್ಟಿದ್ದೇನೆ. ಕೆಮಿಸ್ಟ್ರಿಯಲ್ಲಿ ಯಾವ ಪಾಠ ಯಾವ ವಾರ ಎಂಬ ನನ್ನ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಅದು ನನ್ನ ಅನ್ನ.

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ನೆಗೆಟಿವ್ ಅಂಕ ಇಲ್ಲ. ಆದರೂ ಹತ್ತು ಹದಿನೈದು ಪ್ರಶ್ನೆ ಖಾಲಿ ಬಿಟ್ಟು ಬರುವವರಿದ್ದಾರೆ. ಹೆಚ್ಚಾಗಿ ಜೆಇಇ, ನೀಟ್ ಟೆಸ್ಟ್ ಬರೆದು ರೂಢಿಯಾದವರು, ಮೈನಸ್ ಹೆದರಿಕೆ ಕೈಯಲ್ಲೇ ಕೂತಿರುತ್ತದೆ. ಅದನ್ನು ಬಿಡಿಸಲು ಪ್ರತಿ ಶನಿವಾರ ಓಎಂಆರ್ ಟೆಸ್ಟ್ (ಉತ್ತರದ ಗೋಲ ತುಂಬುವ ಹಾಳೆ) ಇಡುತ್ತೇನೆ. ಒಂದು ಗೋಲ ಖಾಲಿ ಬಿಟ್ಟರೂ ಪೇಪರ್ ವಾಪಸ್. 2024ರಲ್ಲಿ ಸಿಲೆಬಸ್ ಹೊರಗಿನದು ಎಂದು 50 ಪ್ರಶ್ನೆಗಳನ್ನು ಕೈಬಿಟ್ಟಾಗ ನನ್ನ ಅಂದಾಜೆಲ್ಲ ಅಲುಗಾಡಿತು. ಗಟ್ಟಿ ಪಾಠ ಹಿಡಿದವರಿಗೆ ಆಗಲೂ ನಷ್ಟವಾಗಲಿಲ್ಲ.

ಆದರೆ ನನಗೆ ನಿಜವಾಗಿ ಹೆಸರು ತಂದಿದ್ದು ಕೃಷಿಕರ ಕೋಟಾದ ಪ್ರಾಕ್ಟಿಕಲ್. ಕೃಷಿ, ತೋಟಗಾರಿಕೆಯಂಥ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಇರುವ ಕೋಟಾ ಇದು; ಅದಕ್ಕೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆ ಇರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಈ ಕೋಟಾದಲ್ಲಿ ಪ್ರಾಕ್ಟಿಕಲ್‌ಗೆ ಅರ್ಧ, ಬೋರ್ಡಿಗೆ ಕಾಲು, ಸಿಇಟಿಗೆ ಕಾಲು. ಬೋರ್ಡಿನಲ್ಲಿ 65, ಸಿಇಟಿಯಲ್ಲಿ 40 ಪರ್ಸೆಂಟ್ ಇರುವ ಹುಡುಗಿಯನ್ನು ತೆಗೆದುಕೊಳ್ಳಿ. ಎರಡೂ ಸೇರಿ 26 ಚಿಲ್ಲರೆ. ಪ್ರಾಕ್ಟಿಕಲ್‌ನಲ್ಲಿ 80 ಪರ್ಸೆಂಟ್ ತೆಗೆದರೆ 40 ಸೇರುತ್ತದೆ, ಒಟ್ಟು 66. ಬೋರ್ಡಿನಲ್ಲಿ 92, ಸಿಇಟಿಯಲ್ಲಿ 65 ಇರುವ ಟಾಪರ್‌ಗೆ ಆ ಎರಡರಿಂದ 39 ಬರುತ್ತದೆ. ಅವನು ಪ್ರಾಕ್ಟಿಕಲ್‌ನಲ್ಲಿ 50 ಪರ್ಸೆಂಟ್ ತೆಗೆದರೆ ಒಟ್ಟು 64. ಹುಡುಗಿ ಮುಂದೆ. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ ಪಾಲಕರು ಎರಡು ಸಲ ಕೂಡಿಸಿ ನೋಡುತ್ತಾರೆ.

ರೈತರ ಮಕ್ಕಳಿಗೆ ಇದು ಸಲೀಸು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಸಲೀಸಿಲ್ಲ. ನಮ್ಮ ಮಕ್ಕಳು ಎಂಟನೇ ಕ್ಲಾಸಿಗೇ ಹಾಸ್ಟೆಲ್ ಸೇರಿರುತ್ತಾರೆ. ಅಪ್ಪ ನಾಲ್ಕು ಎಕರೆ ಕಡಲೆ ಬಿತ್ತುತ್ತಾನೆ, ಮಗನಿಗೆ ಕುಸುಬಿ ಯಾವುದು ಅಗಸಿ ಯಾವುದು ಗೊತ್ತಿಲ್ಲ. ಮೊದಲ ಸಲ ಕಳಿಸಿದ ಹತ್ತಿಪ್ಪತ್ತು ಮಕ್ಕಳಲ್ಲಿ ಹೆಚ್ಚಿನವರು ಅರ್ಧದಷ್ಟು ಅಂಕವನ್ನೂ ಮುಟ್ಟಲಿಲ್ಲ. ಅದೇ ವರ್ಷ ಒಬ್ಬ ಲೆಕ್ಚರರ್ "ಬೀಜ ತೋರಿಸಿ ಡಿಗ್ರಿ ಕೊಡಸ್ತೀರೇನು?" ಎಂದು ಎಲ್ಲರ ಮುಂದೆ ಕೇಳಿದ್ದರು.

ಅವತ್ತಿನಿಂದ ಡಬ್ಬಿ ಶುರು ಮಾಡಿದೆ. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಿಳಿಜೋಳ, ಸಜ್ಜೆ, ತೊಗರಿ, ಮಡಿಕೆ, ಹುರಳಿ, ಗುರೆಳ್ಳು, ಕುಸುಬಿ, ಅಗಸಿ. ಯೂರಿಯಾ, ಡಿಎಪಿ, ಪೊಟ್ಯಾಷ್, ಜಿಪ್ಸಂ. ಕರಿಕೆ, ಜೇಕು, ಉತ್ತರಾಣಿ, ಕಾಂಗ್ರೆಸ್ ಕಸ ಒಣಗಿಸಿ ಹಾಳೆಗೆ ಅಂಟಿಸಿದ್ದು. ಎಪಿಎಂಸಿಯಲ್ಲಿ ಮತ್ತು ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಒಂದೊಂದು ಹಿಡಿ ಸುಮ್ನೆ ಕೊಡುತ್ತಾರೆ. ಎಲ್ಲ ಸೇರಿ ಖರ್ಚು ಎರಡು ಸಾವಿರದ ಒಳಗೆ. ರಂಟಿ, ಕುಂಟಿ, ಕೂರಿಗಿಯಂಥ ಒಕ್ಕಲುತನದ ಸಲಕರಣೆ ನೋಡಲು ತಿಕೋಟಾ ಕಡೆಯ ಗೆಳೆಯರೊಬ್ಬರ ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲೇ ದ್ರಾಕ್ಷಿಯ ರೋಗವನ್ನೂ ಎಲೆ ಹಿಡಿದೇ ತೋರಿಸುತ್ತೇನೆ.

ನಮ್ಮವರು ಬೀಳುವುದು ನಮ್ಮಲ್ಲಿ ಇಲ್ಲದ ವಸ್ತುವಿನಲ್ಲಿ. ಏಲಕ್ಕಿ, ಕಾಳುಮೆಣಸಿನ ಬಳ್ಳಿ, ಕಾಫಿ ಬೀಜ, ರೇಷ್ಮೆ ಗೂಡು, ಕಾಟ್ಲಾ ರೋಹು ಮೀನು. ರಾಗಿ ಮತ್ತು ನವಣೆ ಪಕ್ಕಪಕ್ಕ ಇಟ್ಟರೆ ಇಂಡಿ ಕಡೆಯ ಮಕ್ಕಳು ತಡವರಿಸುತ್ತಾರೆ. ಖಿಲಾರಿ ಎತ್ತನ್ನು ದೂರದಿಂದಲೇ ಗುರುತಿಸುವವರಿಗೆ ಹಳ್ಳಿಕಾರ್, ಅಮೃತಮಹಲ್ ಗೊತ್ತಾಗುವುದಿಲ್ಲ. ಹಾಗಾಗಿ ಶಿರಸಿ, ಮಂಡ್ಯ ಕಡೆಯ ಪರಿಚಯದವರಿಂದ ಪಾರ್ಸಲ್ ತರಿಸುತ್ತೇನೆ. ಕಲಿಸುವ ಕ್ರಮದಲ್ಲಿ ಇನ್ನೊಂದು ಗುಟ್ಟಿದೆ, ಡಬ್ಬಿಯ ಮುಚ್ಚಳಕ್ಕೆ ಸಂಬಂಧಪಟ್ಟಿದ್ದು. ಅದನ್ನು ನನ್ನ ಬ್ಯಾಚಿನವರಿಗೆ ಮಾತ್ರ ಹೇಳುತ್ತೇನೆ.

ಈ ಸಲ ಹನ್ನೊಂದೋ ಹನ್ನೆರಡೋ ಮಕ್ಕಳು ಈ ದಾರಿಯಲ್ಲಿ ಹೋದರು. ಧಾರವಾಡ ಕೃಷಿ ವಿವಿಯ ನಮ್ಮೂರಿನ ಕಾಲೇಜು, ಬಾಗಲಕೋಟೆ ತೋಟಗಾರಿಕೆ ವಿವಿ, ಅರಭಾವಿಯ ತೋಟಗಾರಿಕೆ ಕಾಲೇಜು, ಶಿರಸಿಯ ಅರಣ್ಯ ಕಾಲೇಜು, ಹೀಗೆ ಹಂಚಿ ಹೋಗಿದ್ದಾರೆ. ಮನೆಯಲ್ಲಿ "ಲಕ್ಷಗಟ್ಟಲೆ ಕೊಟ್ಟು ಓದಿಸಿದ್ದು ಮತ್ತ ಹೊಲಕ್ಕ ಕಳಸಾಕೇನ್ರಿ?" ಎಂದು ಕೇಳಿದವರೂ ಇದ್ದಾರೆ. ಬಿಎಸ್ಸಿ ಅಗ್ರಿ ಮುಗಿಸಿ ಬ್ಯಾಂಕಿನ ಕೃಷಿ ಅಧಿಕಾರಿಯಾಗುವವರನ್ನು, ರೈತ ಸಂಪರ್ಕ ಕೇಂದ್ರದಲ್ಲಿ ಕೂರುವವರನ್ನು ತೋರಿಸಿದ ಮೇಲೆ ಒಪ್ಪಿದರು.

ಕಾಗದಪತ್ರದ ಬಗ್ಗೆ ಎರಡು ಮಾತು. ಉತಾರ (ಹೊಲದ ಪಹಣಿ), ತಹಶೀಲ್ದಾರರ ಪ್ರಮಾಣಪತ್ರ ಜನವರಿಯಲ್ಲೇ ಕೈಯಲ್ಲಿರಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು 15 ಪರ್ಸೆಂಟ್, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟ್ ಇದೆ. ನಗರದ ಪಿಯು ಕಾಲೇಜು ಸೇರಿದ ಮೇಲೆ ಅದು ತಪ್ಪಿತು ಎಂದುಕೊಂಡವರು ಬಹಳ. ತಪ್ಪುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಸಹಿ ಮಾಡಿಸಿಕೊಂಡು ಬರಬೇಕು, ಅಷ್ಟೇ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಕೊಡುವ ಮೀಸಲು ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರು ಜಿಲ್ಲೆಗೆ ಇಲ್ಲ. ಪಕ್ಕದ ಕಲಬುರಗಿ, ಯಾದಗಿರಿ ಮಕ್ಕಳಿಗೆ ಇರುವ ಆ ಬಲ ನಮಗಿಲ್ಲದಾಗ, ಇರುವ ಈ ಎರಡನ್ನು ಬಿಟ್ಟುಕೊಡುವುದು ನನ್ನಿಂದ ನೋಡಲಾಗದು.

ನನ್ನನ್ನು ಹೆಚ್ಚು ಆಡಿಕೊಂಡಿದ್ದು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕೆಇಎ ವೆಬ್‌ಸೈಟಿನಲ್ಲಿ ಕ್ರಮವಾಗಿ ಹಾಕುವಲ್ಲಿ. ನೆಟ್ ಸೆಂಟರಿನವರು 200 ರೂಪಾಯಿ ತೆಗೆದುಕೊಂಡು ಹತ್ತು ಕಾಲೇಜು ಹಾಕಿ ಕಳಿಸುತ್ತಾರೆ. ನಾನು 70, 80 ಆಪ್ಷನ್ ಹಾಕಿಸುತ್ತೇನೆ. "ಇಷ್ಟ್ಯಾಕ್ರಿ ಸರ್, ಕಂಪ್ಯೂಟರ್ ಗೊಂದಲ ಆಗ್ತದ" ಅಂದವರಿದ್ದಾರೆ. ಕಂಪ್ಯೂಟರ್ ಮೇಲಿಂದ ಕೆಳಗೆ ನೋಡುತ್ತದೆ. ರ್‍ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಮೇಲೆ ದೊಡ್ಡ ಕಾಲೇಜು ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ. ಹಿಂದಿನ ವರ್ಷದ ಕಟಾಫ್ ಪಟ್ಟಿಯನ್ನು ನಿಮ್ಮ ಕೆಟಗರಿಯ ಕಾಲಮ್ಮಿನಲ್ಲೇ ನೋಡಿ. 3ಬಿಜಿ ಬೇರೆ, 3ಬಿಆರ್ ಬೇರೆ, 2ಎಕೆ ಬೇರೆ (ಕೊನೆಯ ಜಿ ಅಂದರೆ ಜನರಲ್, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ). ಜಿಎಂ (ಜನರಲ್ ಮೆರಿಟ್) ಕಾಲಮ್ಮು ನೋಡಿ ಹೆದರಿ ಕೂತವರಿಗೆ ಅವರ ಕಾಲಮ್ಮು ತೋರಿಸಿದರೆ ಮುಖ ಅರಳುತ್ತದೆ. ಮೊದಲ ರೌಂಡಿಗೂ ಕೊನೆಯ ರೌಂಡಿಗೂ ಎಷ್ಟು ಜಾರಿದೆ ಎಂದೂ ಬರೆದಿಟ್ಟುಕೊಳ್ಳಿ. ಬಾಗಲಕೋಟೆಯ ಬಸವೇಶ್ವರ ಕಾಲೇಜು, ಬೆಳಗಾವಿಯ ಜಿಐಟಿ, ನಮ್ಮೂರಿನ ಹಳಕಟ್ಟಿ ಕಾಲೇಜು, ಮೂರರಲ್ಲೂ ಕಂಪ್ಯೂಟರ್ ಸೈನ್ಸ್ ಬಿಟ್ಟು ಸಿವಿಲ್, ಮೆಕ್ಯಾನಿಕಲ್ ಕಡೆ ನೋಡಿದರೆ ಮಧ್ಯಮ ರ್‍ಯಾಂಕಿಗೆ ಜಾಗ ಇದೆ. ಹೆಸರೇ ಕೇಳದ ಕಾಲೇಜಿನ ಕಂಪ್ಯೂಟರ್ ಸೈನ್ಸಿಗಿಂತ ಒಳ್ಳೆಯ ಲ್ಯಾಬ್ ಇರುವ ಕಾಲೇಜಿನ ಸಿವಿಲ್ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಾಕ್ ಅಲಾಟ್ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ರಾತ್ರಿ ಆಪ್ಷನ್ ಪಟ್ಟಿಯ ನಡುವಿನ ಭಾಗವನ್ನು ತಿರುಗಿ ಜೋಡಿಸುತ್ತೇನೆ. ಹೇಗೆ ಎಂಬುದು ಎದುರಿಗೆ ಕೂತರೆ ಮಾತ್ರ ಹೇಳಲು ಬರುತ್ತದೆ. ಸೀಟು ಬಂದ ಕೂಡಲೇ ಛಾಯ್ಸ್ 1 (ಇದೇ ಸಾಕು) ಒತ್ತಲು ಪಾಲಕರು ಅವಸರ ಮಾಡುತ್ತಾರೆ. ಛಾಯ್ಸ್ 2 (ಇದು ಇರಲಿ, ಮುಂದಿನ ರೌಂಡೂ ನೋಡುತ್ತೇನೆ) ಒತ್ತಿ ಕಾಯಿಸುವುದೇ ದೊಡ್ಡ ಕೆಲಸ. ಮೆಡಿಕಲ್‌ಗೆ, ಎನ್‌ಐಟಿಗೆ ಹೋಗುವವರು ಬಿಟ್ಟ ಸೀಟು ಮುಂದಿನ ರೌಂಡಿಗೆ ಬರುತ್ತದೆ. ಮುಧೋಳದ ಒಬ್ಬ ಹುಡುಗಿ ಹೀಗೆ ಕಾದು, ಎಲೆಕ್ಟ್ರಿಕಲ್‌ನಿಂದ ಎಲೆಕ್ಟ್ರಾನಿಕ್ಸ್‌ಗೆ, ಅದೂ ಮನೆಗೆ ಹತ್ತಿರದ ಕಾಲೇಜಿಗೆ ಬಂದಳು.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಬರೆಸಿ ನೋಡಿದೆ. ಫೀ ನಮ್ಮ ಮನೆಗಳಿಗೆ ತಡೆಯುವಂಥದ್ದಲ್ಲ, ಬಿಟ್ಟೆ. ಪಿಯು ಪರೀಕ್ಷೆ-2ರಲ್ಲಿ ಒಂದೇ ವಿಷಯ ತಿರುಗಿ ಬರೆಸಿದೆ. ಗಣಿತದಲ್ಲಿ 48 ಇದ್ದವನು 69 ತೆಗೆದ, ಬರೆದ ಎಲ್ಲರಿಗೂ ಹಾಗೆ ಆಗಲಿಲ್ಲ. ಗಣಿತವೇ ಆಗದ ಇಬ್ಬರನ್ನು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿಸಿದ್ದೇನೆ. ಡಿಪ್ಲೊಮಾ ಮುಗಿಸಿದವರ ಸಿಇಟಿಯಾದ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಬರಬಹುದು. ವರ್ಷ ಜಾಸ್ತಿ ಹಿಡಿಯುತ್ತದೆ, ಆದರೆ ಕೈಕೆಲಸ ಕಲಿತಿರುತ್ತಾರೆ. ಒಬ್ಬ ಈಗಾಗಲೇ ಸರ್ವೆ ಕೆಲಸಕ್ಕೆ ಹೋಗಿ ಫೀ ತಾನೇ ಕಟ್ಟುತ್ತಿದ್ದಾನೆ.

ನಾನು ವರ್ಷಕ್ಕೆ ತೆಗೆದುಕೊಳ್ಳುವುದು 12 ಸಾವಿರ. ಕೃಷಿ ಪ್ರಾಕ್ಟಿಕಲ್ ಮಾತ್ರ ಬೇಕಾದವರಿಗೆ ಒಂದೂವರೆ ಸಾವಿರ, ಡಬ್ಬಿ ಮುರಿದರೆ ಬೇರೆ. ಬರುವ ಬ್ಯಾಚಿಗೆ ಬೆಳಗಾವಿ ಕಡೆಯಿಂದಲೂ ಕೇಳುತ್ತಿದ್ದಾರೆ. ಗೋಕಾಕದಲ್ಲಿ ಭಾನುವಾರಕ್ಕೊಮ್ಮೆ ಕೂರಲು ಒಂದು ಹಾಲ್ ನೋಡಿಟ್ಟಿದ್ದೇನೆ. ಎರಡನೇ ಸೆಟ್ ಡಬ್ಬಿ ತುಂಬಿಸುವ ಕೆಲಸ ನಡೆದಿದೆ. ಕಾಫಿ ಬೀಜ, ರೇಷ್ಮೆ ಗೂಡು ಇನ್ನೂ ಬರಬೇಕು.