ಮಳೆಗಾಲದಲ್ಲಿ ಅಂಟಿಸಿದ ಗಿಟಾರ್ ಹಲಗೆ ಬೇಸಿಗೆಯಲ್ಲಿ ಬಿರಿಯದಂತೆ ಮಾಡಿದ ಬಗೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಒಳಬದಿಗೆ ಅಡ್ಡಪಟ್ಟಿ ಅಂಟಿಸಿದ ಗಿಟಾರಿನ ಸ್ಪ್ರೂಸ್ ಮರದ ಮೇಲ್ಹಲಗೆ, ಮಾರ್ಚ್ ಹೊತ್ತಿಗೆ ತಗ್ಗಾಗಿ ಎಳೆಯುದ್ದಕ್ಕೂ ಬಿರಿಯುತ್ತಿತ್ತು. ಅಂಟು ಬದಲಿಸಿದ್ದಾಗಲಿ, ಪಟ್ಟಿ ದಪ್ಪ ಮಾಡಿದ್ದಾಗಲಿ ಫಲಿಸಲಿಲ್ಲ. ತೇವಕ್ಕೆ ಅಗಲವಾಗಿ ಉಬ್ಬಿದ್ದ ಹಲಗೆಯನ್ನು ಪಟ್ಟಿಗಳು ಹಾಗೆಯೇ ಹಿಡಿದಿಟ್ಟು, ಒಣಗಿದಾಗ ಕುಗ್ಗಲು ಬಿಡದಿದ್ದುದೇ ಮೂಲ ಕಾರಣ.

ಕೊನೆಗೆ ಪ್ಲೈವುಡ್ ಪೆಟ್ಟಿಗೆಯ ತಳದಲ್ಲಿ 40 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬು (ಎಲ್‌ಇಡಿ ಸಾಕಷ್ಟು ಬಿಸಿಯಾಗುವುದಿಲ್ಲ), ಅದರ ಮೇಲೆ ತಗಡಿನ ಮರೆ, ಮುಚ್ಚಳದಲ್ಲಿ ಗಾಳಿಗಂಡಿ, ಹಲಗೆಯ ಮಟ್ಟದಲ್ಲಿ ತೇವಾಂಶ ಮಾಪಕ ಇಟ್ಟೆ. ಮಾಪಕ ಶೇ. 45ರಲ್ಲಿ ನಿಂತ ಮೇಲೆ ಹಲಗೆ, ಪಟ್ಟಿ ಎರಡನ್ನೂ ಒಳಗಿಟ್ಟು, ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ಹಲಗೆಯನ್ನು ತೂಗಿದೆ. 182 ಗ್ರಾಂ ಇದ್ದದ್ದು ಆರನೆಯ ದಿನ 168ಕ್ಕೆ ಇಳಿದು, ಮುಂದಿನ ಎರಡು ದಿನ ಅಲ್ಲಿಂದ ಕದಲಲಿಲ್ಲ. ಮರ ಒಣಗಿತೆಂಬುದಕ್ಕೆ ತೂಕಕ್ಕಿಂತ ನಂಬಲರ್ಹ ಗುರುತಿಲ್ಲ. ಹೊರತೆಗೆದ ಅರ್ಧ ಗಂಟೆಯೊಳಗೆ ಅಂಟಿಸಿ, ಕ್ಲಾಂಪ್ ಸಮೇತ ರಾತ್ರಿಯಿಡೀ ಮತ್ತೆ ಪೆಟ್ಟಿಗೆಯಲ್ಲೇ ಇಟ್ಟೆ. ಆ ಹಲಗೆ ಎರಡು ಬೇಸಿಗೆ ಕಳೆದರೂ ಬಿರಿದಿಲ್ಲ.