ಆಪ್ತಸಮಾಲೋಚನೆ ತರಗತಿಗೆ ಜಾತಿಯ ಮಾತು ತಂದಿದ್ದು

ಬೆಂಗಳೂರಿನಲ್ಲಿ ಆಪ್ತಸಮಾಲೋಚಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ನಮ್ಮ ಪಠ್ಯದ ಉದಾಹರಣೆಗಳಲ್ಲಿ ಬರುವವರಿಗೆ ವಯಸ್ಸಿರುತ್ತದೆ, ಪರೀಕ್ಷೆಯ ಭಯ ಇರುತ್ತದೆ, ಅತ್ತೆಯ ಕಾಟ ಇರುತ್ತದೆ. ಜಾತಿ ಮಾತ್ರ ಇರುವುದಿಲ್ಲ. ಕರ್ನಾಟಕದಲ್ಲಿ ಅಂಥವರು ಎಲ್ಲಿ ಸಿಗ್ತಾರೆ ಹೇಳಿ? ಅದಕ್ಕೇ ಉದಾಹರಣೆಗಳನ್ನು ನಾನೇ ಬರೆದುಕೊಳ್ಳತೊಡಗಿದೆ.

ಶುರು ಮಾಡುವುದು ಬಾಡಿಗೆ ಮನೆಯಿಂದ. "ಮನೆ ಹುಡುಕುವಾಗ ಓನರ್ ಏನೇನು ಕೇಳಿದರು, ಚೀಟಿಯಲ್ಲಿ ಬರೆಯಿರಿ, ಹೆಸರು ಬೇಡ" ಅನ್ನುತ್ತೇನೆ. ಎಲ್ಲ ಕಲೆಸಿ ಜೋರಾಗಿ ಓದುತ್ತೇನೆ. "ನಾನ್‌ವೆಜ್ ಮಾಡ್ತೀರಾ?" "ನೀವು ಯಾವ ಜನ?" ಅಡ್ವಾನ್ಸ್ ಮಾತಾದ ಮೇಲೆ ಫೋನೇ ಎತ್ತದವರ ಕಥೆ ಒಂದೆರಡು ಇದ್ದೇ ಇರುತ್ತದೆ. ಕೆಲವು ಚೀಟಿಗಳಲ್ಲಿ "ಏನೂ ಕೇಳಲಿಲ್ಲ" ಅಂತಷ್ಟೇ ಇರುತ್ತದೆ. ನಾನೂ ಒಂದು ಚೀಟಿ ಹಾಕುತ್ತೇನೆ: ನನ್ನ ಸರ್‌ನೇಮ್ ಕೇಳಿದ ಮೇಲೆ ಓನರ್ ತಾವಾಗಿಯೇ ಅಡ್ವಾನ್ಸ್ ಕಡಿಮೆ ಮಾಡಿದ್ದರು. ಅದು ನನ್ನದು ಅಂತ ಹೇಳಿಯೇ ಓದುತ್ತೇನೆ. ಜಾತಿ ಅಂದರೆ ಬರೀ ಕೆಲವರ ಕಷ್ಟ ಅಲ್ಲ, ನಮ್ಮಂಥವರಿಗೆ ಸಿಗುವ ರಿಯಾಯಿತಿಯೂ ಹೌದಲ್ವಾ?

ಇಲ್ಲಿ ಒಂದು ವಿಷಯದಲ್ಲಿ ನಾನು ಬಿಗಿ. ಜಾತಿಯ ಮಾತು ಬಂದ ಕೂಡಲೇ ತರಗತಿಯ ಕಣ್ಣೆಲ್ಲ ಒಬ್ಬಿಬ್ಬರ ಕಡೆ ತಿರುಗುತ್ತದೆ, ಅವರೇ ಏನಾದರೂ ಹೇಳಲಿ ಅಂತ. ದಲಿತ ವಿದ್ಯಾರ್ಥಿಗಳು ಫೀಸ್ ಕಟ್ಟಿ ಬಂದಿರುವುದು ಕಲಿಯೋಕೆ, ಉಳಿದವರಿಗೆ ಪಾಠ ಮಾಡೋಕೆ ಅಲ್ಲ. ಯಾರೂ ತಮ್ಮ ಜಾತಿ ಹೇಳಬೇಕಿಲ್ಲ, ಇನ್ನೊಬ್ಬರನ್ನು ಕೇಳುವಂತೆಯೂ ಇಲ್ಲ. ರೋಲ್‌ಪ್ಲೇಯಲ್ಲಿ ನೊಂದವರ ಪಾತ್ರವನ್ನು ನಾನೋ ನನ್ನ ಸಹೋದ್ಯೋಗಿಯೋ ಮಾಡುತ್ತೇವೆ.

ನಾನು ಜಾಸ್ತಿ ಬಳಸುವ ಕೇಸ್ ಇದು. ಕಲಬುರಗಿ ಕಡೆಯಿಂದ ಇಂಜಿನಿಯರಿಂಗ್ ಓದೋಕೆ ಬಂದ ಹುಡುಗ. ಪರಿಶಿಷ್ಟರ ಸ್ಕಾಲರ್‌ಶಿಪ್ ಪಟ್ಟಿ ಇವನ ಹೆಸರಿನೊಂದಿಗೆ ನೋಟಿಸ್ ಬೋರ್ಡಿಗೆ ಬಂದ ಮೇಲೆ ರೂಮ್‌ಮೇಟ್ ತನ್ನ ನೀರಿನ ಬಾಟಲಿಯನ್ನು ಬೀರುವಿನೊಳಗೆ ಇಡತೊಡಗಿದ್ದಾನೆ. ಇವನಿಗೆ ನಿದ್ದೆಯಿಲ್ಲ. ಸಮಾಲೋಚಕಿಯಾಗಿ ಕೂತವರು ಹೆಚ್ಚಾಗಿ ಕೇಳುವುದು: "ಅವರು ಬೇರೆ ಕಾರಣಕ್ಕೂ ಇಟ್ಟಿರಬಹುದಲ್ವಾ?"

ಪುಸ್ತಕದ ಪ್ರಕಾರ ಪ್ರಶ್ನೆ ಸರಿಯಾಗೇ ಇದೆ. ಸಿಬಿಟಿಯಲ್ಲಿ, ಅಂದರೆ ಯೋಚಿಸುವ ರೀತಿಯನ್ನು ಪರೀಕ್ಷಿಸಿ ಬದಲಿಸುವ ಚಿಕಿತ್ಸೆಯಲ್ಲಿ, ನಾವು ಯೋಚನೆಗೆ ಪುರಾವೆ ಏನು, ಬೇರೆ ವಿವರಣೆ ಇದೆಯಾ ಅಂತ ಹುಡುಕಿಸುತ್ತೇವೆ. ಆದರೆ ಈ ಹುಡುಗ ಆ ಲೆಕ್ಕವನ್ನೆಲ್ಲ ರಾತ್ರಿಯಿಡೀ ಹಾಕಿಯೇ ಬಂದಿದ್ದಾನೆ. ನಿದ್ದೆ ಕೆಟ್ಟಿರುವುದೇ ಅದರಿಂದ. ಇಲ್ಲೂ ಸಾಕ್ಷಿ ಕೇಳಿದರೆ ಮುಂದಿನ ವಾರ ಅವನು ಬರಲ್ಲ.

ಅಲ್ಲಿಗೇ ನಿಲ್ಲಿಸಿ ಮತ್ತೆ ಮಾಡಿಸುತ್ತೇನೆ. "ಬಾಟಲಿ ಮೊದಲು ಎಲ್ಲಿರ್ತಿತ್ತು? ಯಾವತ್ತಿಂದ ಒಳಗೆ ಹೋಯ್ತು? ಮೆಸ್‌ನಲ್ಲಿ ಈಗ ಯಾರ ಜೊತೆ ಕೂರ್ತೀರಿ?" ಮೊದಲು ನಡೆದದ್ದು, ಆಮೇಲೆ ಅನ್ನಿಸಿದ್ದು. ಆಮೇಲಿನ ಪ್ರಶ್ನೆಗೆ ಎಲ್ಲರೂ ತಡವರಿಸುತ್ತಾರೆ: "ಇದು ಜಾತಿಯ ಕಾರಣಕ್ಕೆ ಅಂತ ನಿಮಗೆ ಅನ್ನಿಸ್ತಿದೆಯಾ?" ಕಣ್ಣು ತಗ್ಗಿಸದೆ ಇದನ್ನು ಕೇಳೋಕೆ ಅಭ್ಯಾಸ ಬೇಕು. ಜೋಡಿಯಾಗಿ ಕೂರಿಸಿ ಹತ್ತಾರು ಸಲ ಹೇಳಿಸುತ್ತೇನೆ, ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ.

ಬೀದಿಯಲ್ಲಿ ಮುಖ ನೋಡಿ ಕೂಗಿದರು ಅಂತ ನೊಂದ ಈಶಾನ್ಯ ರಾಜ್ಯಗಳ ವಿದ್ಯಾರ್ಥಿನಿಯ ಕೇಸ್ ಕೊಟ್ಟಾಗ "ಸುಮ್ನೆ ತಮಾಷೆಗೆ ಅಂದಿರ್ತಾರೆ" ಅನ್ನುವ ಸಮಾಧಾನ ಬಲು ಬೇಗ ಬರುತ್ತದೆ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ಹಲ್ಲೆ ಆಗುತ್ತದೆ ಅನ್ನುವ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ದು ಈಗಿನವರಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಅದನ್ನು ಹೇಳುತ್ತೇನೆ. ಬೀದಿಯಲ್ಲಿ ಯಾರೋ ಮುಖ ನೋಡಿ ಕೂಗಿದ ಮಾತು ಆ ಹುಡುಗಿಗೆ ಯಾಕೆ ತಮಾಷೆ ಅನ್ನಿಸಲ್ಲ ಅಂತ ಆಗ ಸ್ವಲ್ಪ ಅರ್ಥವಾಗುತ್ತದೆ.

"ಮೇಡಂ, ಇದೆಲ್ಲ ರಾಜಕೀಯ ಆಗಲ್ವಾ?" ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಓದಿಸುತ್ತೇನೆ. ಲಿಂಗ, ಧರ್ಮ, ಜಾತಿ, ವರ್ಗ, ಅಂಗವೈಕಲ್ಯದ ಆಧಾರದ ಮೇಲೆ ಭೇದ ಮಾಡದೆ ಚಿಕಿತ್ಸೆ ಸಿಗಬೇಕು ಅಂತ ಕಾನೂನೇ ಹೇಳುತ್ತದೆ. ವಾದ ಅಲ್ಲಿಗೆ ಮುಗಿಯುತ್ತದೆ ಅಂತಲ್ಲ, ಆದರೆ ದನಿ ಕೊಂಚ ತಗ್ಗುತ್ತದೆ.

ಇದರ ಉಲ್ಟಾ ಕಷ್ಟವೂ ಇದೆ. ಕೆಲವರಿಗೆ ಉತ್ಸಾಹ ಬಂದು ಮೊದಲ ದಿನವೇ "ದೂರು ಕೊಡಿ" ಅಂದುಬಿಡುತ್ತಾರೆ. ದೂರು ಕೊಟ್ಟ ರಾತ್ರಿ ಹುಡುಗ ಮಲಗಬೇಕಾದದ್ದು ಅದೇ ರೂಮಿನಲ್ಲಿ. ಇಂಟರ್ನಲ್ಸ್ ಅಂಕ ಕೊಡುವವರೂ ಅದೇ ಕಾಲೇಜಿನವರು. ದಾರಿಗಳು ಏನೇನಿವೆ ಅಂತ ಸಮಾಲೋಚಕರಿಗೆ ಗೊತ್ತಿರಬೇಕು: ಕಾಲೇಜಿನ ಎಸ್‌ಸಿ-ಎಸ್‌ಟಿ ಘಟಕ, 1989ರ ದೌರ್ಜನ್ಯ ತಡೆ ಕಾಯ್ದೆ, ಪರಿಶಿಷ್ಟರಿಗೆ ಉಚಿತವಾಗಿ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಯಾವ ದಾರಿ, ಯಾವಾಗ ಅನ್ನುವುದು ಹುಡುಗನಿಗೆ ಬಿಟ್ಟದ್ದು.

ಕೊನೆಯ ಮೌಲ್ಯಮಾಪನದಲ್ಲಿ ಇದಕ್ಕೂ ಅಂಕ ಇಟ್ಟಿದ್ದೇನೆ. ಅಂಕ ಇಲ್ಲದ್ದನ್ನು ನಮ್ಮಲ್ಲಿ ಯಾರು ಓದ್ತಾರೆ? ರೆಕಾರ್ಡಿಂಗ್ ಕೇಳುವಾಗ ನಾನು ಮೊದಲು ನೋಡುವುದು, ಬೇರೆ ಕಾರಣ ಹುಡುಕೋಕೆ ಎಷ್ಟು ಬೇಗ ಓಡಿದರು ಅಂತ. ಓಡಿದವರು ಅದೇ ಕೇಸನ್ನು ಇನ್ನೊಮ್ಮೆ ಮಾಡಬೇಕು.